ಕೀಲುವಾತದ ವಂಶವಾಹಿ, ರೋಗಿಯ ಊರು: ಮಹದೇವಪುರದಿಂದ ಒಂದು ಸಂಶೋಧನಾ ಟಿಪ್ಪಣಿ

ಕೀಲುವಾತ ಎಂದು ಇಲ್ಲಿ ಕರೆಯುವ ರುಮಟಾಯ್ಡ್ ಸಂಧಿವಾತದ ಆನುವಂಶಿಕ ಕಾರಣಗಳ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆಯ ಬಹುಪಾಲು ಯುರೋಪು, ಅಮೆರಿಕ, ಜಪಾನುಗಳ ರೋಗಿಗಳಿಂದ ಬಂದದ್ದು. ಅದನ್ನು ಕರ್ನಾಟಕದ ರೋಗಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬುದು ಈ ಟಿಪ್ಪಣಿಯ ವಿಷಯ. ನಾನು ಮಂಡಿಸುವುದು ಇದನ್ನು: ರೋಗಿಯ ತಂದೆತಾಯಿಯರ ಮೂಲ ಊರು ಯಾವುದು, ಅವರ ಸಮುದಾಯಗಳು ಯಾವುವು, ಅವರಿಬ್ಬರೂ ಮೊದಲೇ ನೆಂಟರೇ ಎಂಬುದನ್ನು ಬರೆದುಕೊಳ್ಳದೆ, ಕೀಲುವಾತದಂತೆಯೇ ತೋರುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸದೆ ಸಂಗ್ರಹಿಸಿದ ರಕ್ತದ ಮಾದರಿಯನ್ನು ಎಷ್ಟೇ ದುಬಾರಿ ಯಂತ್ರದಲ್ಲಿ ಓದಿದರೂ ನಂಬುವಂಥ ಉತ್ತರ ಸಿಗುವುದಿಲ್ಲ. ಇದಕ್ಕೆ ಬೇಕಾದ ಪಾಠ ನಮ್ಮ ರಾಜ್ಯದಲ್ಲೇ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇದೆ. ಆ ಪಾಠ ತುರ್ತಾಗಿ ಬೇಕಾಗಿರುವುದು ಬೆಂಗಳೂರಿನ ಪೂರ್ವ ಭಾಗದ ಮಹದೇವಪುರದಲ್ಲಿ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರುವ ಮುನ್ನ ಮಹದೇವಪುರ ತನ್ನದೇ ನಗರಸಭೆ ಇದ್ದ ಪ್ರದೇಶ. ಹೂಡಿ, ಗರುಡಾಚಾರ್‌ಪಾಳ್ಯ, ದೊಡ್ಡನೆಕ್ಕುಂದಿ, ಕುಂದಲಹಳ್ಳಿಗಳ ಹಳೆಯ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಸಲೀಸಾಗಿ ನಡೆಯುತ್ತವೆ. ರೆಡ್ಡಿ, ಒಕ್ಕಲಿಗ, ತಿಗಳ, ಭೋವಿ ಮತ್ತು ಪರಿಶಿಷ್ಟ ಜಾತಿಗಳ ಕುಟುಂಬಗಳು ತಲೆಮಾರುಗಳಿಂದ ಇಲ್ಲಿವೆ. ಅವರ ಪಕ್ಕದಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರು, ಕೆಜಿಎಫ್‌ನ ತಮಿಳು ಮನೆಗಳಿಂದ ಬಂದವರು, ಒಡಿಶಾ ಬಂಗಾಳಗಳ ಕೂಲಿಕಾರರು, ಉತ್ತರ ಭಾರತದ ಸಾಫ್ಟ್‌ವೇರ್ ಉದ್ಯೋಗಿಗಳು ಇದ್ದಾರೆ. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ 3,900 ಎಕರೆ ಜಮೀನಿನಲ್ಲಿ. ಈ ಎಲ್ಲರೂ ಒಂದೇ ಆಸ್ಪತ್ರೆಯ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಂತರರಾಷ್ಟ್ರೀಯ ಅಧ್ಯಯನದ ನಮೂನೆಯಲ್ಲಾದರೆ ಎಲ್ಲರ ಹೆಸರಿನ ಮುಂದೆ ಬೀಳುವುದು ‘ದಕ್ಷಿಣ ಏಷ್ಯಾ’ ಎಂಬ ಒಂದೇ ಗುರುತು.

ಕಾಯಿಲೆಯ ಬಗ್ಗೆ ಖಚಿತವಾಗಿರುವ ಸಂಗತಿಗಳನ್ನು ಮೊದಲು ನೋಡೋಣ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬ್ರಿಟನ್ ಮತ್ತು ಫಿನ್ಲೆಂಡಿನ ಅವಳಿಗಳ ಅಧ್ಯಯನಗಳ ಪ್ರಕಾರ ಈ ಕಾಯಿಲೆ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದರಲ್ಲಿ ಆನುವಂಶಿಕತೆಯ ಪಾಲು ಶೇಕಡ 60ರಷ್ಟು. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಬರುವುದು ಬ್ರಿಟನ್ನಿನ ಲೆಕ್ಕದಲ್ಲಿ ಶೇಕಡ 15ರಷ್ಟು ಮಾತ್ರ. ವಂಶವಾಹಿ ಒಲವನ್ನು ಕೊಡುತ್ತದೆ, ಕಾಯಿಲೆಯನ್ನು ವಿಧಿಸುವುದಿಲ್ಲ. ನಮ್ಮಲ್ಲಿ ಪದೇಪದೇ ಉಲ್ಲೇಖವಾಗುವ ಶೇಕಡ 0.75 ಎಂಬ ಪ್ರಮಾಣ 1993ರಲ್ಲಿ ಮಾಳವೀಯ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕಂಡದ್ದು. ಅದನ್ನೇ ಕರ್ನಾಟಕದ ಅಂಕಿಯೆಂದು ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಒಲವಿನ ದೊಡ್ಡ ಪಾಲು ಆರನೆಯ ವರ್ಣತಂತುವಿನ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ವಲಯದಲ್ಲಿದೆ. 1970ರ ದಶಕದ ಕೊನೆಯ ಹೊತ್ತಿಗೆ ಪೀಟರ್ ಸ್ಟಾಸ್ಟ್ನಿ ಅಮೆರಿಕದ ರೋಗಿಗಳಲ್ಲಿ ಡಿಆರ್4 ಎಂಬ ಗುರುತು ಹೆಚ್ಚಾಗಿರುವುದನ್ನು ತೋರಿಸಿದರು. ಅಲ್ಲಿಗೆ ಪ್ರಶ್ನೆ ಮುಗಿಯಿತು ಎನ್ನುವ ಹೊತ್ತಿಗೆ ಬೇರೆ ಜನಾಂಗಗಳ ಮಾದರಿಗಳು ಬೇರೆಯದನ್ನೇ ಹೇಳತೊಡಗಿದವು. 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ನಿಕೋಲ್ ಮತ್ತು ವುಡ್ರೋ ಭಾರತೀಯ ರೋಗಿಗಳಲ್ಲಿ ಕಂಡದ್ದು ಡಿಆರ್4ರ ಬದಲು ಡಿಆರ್1ರ ನಂಟು. ಅಮೆರಿಕದ ಮೂಲನಿವಾಸಿ ಯಾಕಿಮಾ ಜನರಲ್ಲಿ ಡಿಆರ್‌ಬಿ1*14:02 ಎಂಬ ಮತ್ತೊಂದು ರೂಪ ಸಿಕ್ಕಿತು. ಇಂಥ ಚದುರಿದ ಫಲಿತಾಂಶಗಳನ್ನು 1987ರಲ್ಲಿ ಗ್ರೆಗರ್ಸನ್, ಸಿಲ್ವರ್ ಮತ್ತು ವಿಂಚೆಸ್ಟರ್ ಒಂದು ಸೂತ್ರಕ್ಕೆ ತಂದರು. ಹೆಸರು ಬೇರೆಬೇರೆಯಾದರೂ ಅಪಾಯ ತರುವ ರೂಪಗಳಲ್ಲೆಲ್ಲ ಡಿಆರ್ ಬೀಟಾ ಸರಪಣಿಯ 70ರಿಂದ 74ನೆಯ ಸ್ಥಾನಗಳ ಅಮೈನೊ ಆಮ್ಲಗಳು ಹೆಚ್ಚುಕಡಿಮೆ ಒಂದೇ ಎಂಬುದು ಅವರ ವಾದ. ಇದನ್ನು ಸಾಮಾನ್ಯ ಎಪಿಟೋಪ್ ಎಂದು ಕರೆಯೋಣ. ಪ್ರೊಟೀನಿನ ತುಣುಕುಗಳನ್ನು ಹಿಡಿದು ನಿರೋಧಕ ಕಣಗಳಿಗೆ ತೋರಿಸುವ ಕಚ್ಚಿನ ಅಂಚಿನಲ್ಲಿರುವ ಸ್ಥಾನಗಳಿವು. ಯಾವ ತುಣುಕು ಅಲ್ಲಿ ಕೂರುತ್ತದೆ ಎಂಬುದು ಇವುಗಳ ಮೇಲೆ ನಿಂತಿದೆ. 2012ರಲ್ಲಿ ರಾಯ್‌ಚೌಧುರಿ ಮತ್ತು ಸಂಗಡಿಗರು ಈ ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, ಮೂರು ಎಚ್‌ಎಲ್‌ಎ ಪ್ರೊಟೀನುಗಳ ಐದು ಸ್ಥಾನಗಳಲ್ಲಿ ಆ ವಲಯದ ಅಪಾಯದ ಬಹುಪಾಲು ಅಡಗಿದೆ ಎಂದು ತೋರಿಸಿದರು.

ಭಾರತೀಯರ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಡಿಆರ್‌ಬಿ1*10:01. ಉತ್ತರ ಯುರೋಪಿನಲ್ಲಿ ಇದು ವಿರಳವಾದ್ದರಿಂದ ಅಲ್ಲಿನ ಲೆಕ್ಕಾಚಾರದಲ್ಲಿ ಅದರ ತೂಕ ಕಡಿಮೆ. 1991ರಲ್ಲಿ ಆಲಿಯರ್ ಮತ್ತು ಸಂಗಡಿಗರು ಭಾರತೀಯ ರೋಗಿಗಳಲ್ಲಿ ಸಾಮಾನ್ಯ ಎಪಿಟೋಪಿನ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡಾಗ ಡಿಆರ್1ರ ಜೊತೆಗೆ ಡಿಆರ್10 ಕೂಡ ಎದ್ದು ಬಂತು. ಅಪಾಯದ ಯಾಂತ್ರಿಕತೆ ಒಂದೇ, ಅದನ್ನು ಹೊತ್ತ ರೂಪ ಮಾತ್ರ ನಾಡಿನಿಂದ ನಾಡಿಗೆ ಬೇರೆ. ಆದ್ದರಿಂದ ಡಿಆರ್4 ಒಂದನ್ನೇ ಹುಡುಕುವ ಪರೀಕ್ಷೆ ನಮ್ಮ ರೋಗಿಯೊಬ್ಬಳಲ್ಲಿ ‘ಇಲ್ಲ’ ಎಂದು ಹೇಳಿದರೆ ಅದರಿಂದ ನೆಮ್ಮದಿ ಪಡುವಂತಿಲ್ಲ. ಈ ಸೂತ್ರಕ್ಕೂ ಮಿತಿಯಿದೆ. 1995ರಲ್ಲಿ ಮ್ಯಾಕ್‌ಡೇನಿಯಲ್ ಮತ್ತು ಸಂಗಡಿಗರು ಆಫ್ರಿಕನ್-ಅಮೆರಿಕನ್ ರೋಗಿಗಳಲ್ಲಿ ಹೆಚ್ಚಿನವರಿಗೆ ಸಾಮಾನ್ಯ ಎಪಿಟೋಪೇ ಇಲ್ಲವೆಂದು ಕಂಡರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನರ ಮೂಲ ಆಫ್ರಿಕದಲ್ಲಿದ್ದು, ಭಾರತೀಯ ವಂಶದ ಬೆರಕೆಯೂ ಅವರಲ್ಲಿದೆ ಎಂದು 2011ರ ಜೀನೋಮ್ ಅಧ್ಯಯನ ಖಚಿತಪಡಿಸಿದೆ. ಧಾರವಾಡದ ಆಸ್ಪತ್ರೆಗೆ ಬರುವ ಸಿದ್ದಿ ಮಹಿಳೆಯನ್ನೂ ಅವಳ ಪಕ್ಕದ ಹವ್ಯಕ ಮಹಿಳೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದಕ್ಕೆ ವಿಜ್ಞಾನದ ಸಮರ್ಥನೆಯಿಲ್ಲ.

ಎಚ್‌ಎಲ್‌ಎ ಆಚೆಗಿನ ವಂಶವಾಹಿಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಯುರೋಪಿನಲ್ಲಿ ಎಚ್‌ಎಲ್‌ಎ ನಂತರದ ಸ್ಥಾನ ಪಿಟಿಪಿಎನ್22 ವಂಶವಾಹಿಯ ಆರ್620ಡಬ್ಲ್ಯೂ ಎಂಬ ರೂಪಾಂತರದ್ದು. ಇದು ಬೆಳಕಿಗೆ ಬಂದದ್ದು 2004ರಲ್ಲಿ. ಪೂರ್ವ ಏಷ್ಯಾದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಭಾರತದಲ್ಲಿ ವಿರಳ. ಜಪಾನಿನವರು 2003ರಲ್ಲಿ ಎತ್ತಿ ತೋರಿಸಿದ್ದು ಪಿಎಡಿಐ4 ಎಂಬ ಇನ್ನೊಂದನ್ನು. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಿ. ಕೆ. ತೆಲ್ಮಾ ಅವರ ತಂಡ 2012ರಲ್ಲಿ ಉತ್ತರ ಭಾರತದ ರೋಗಿಗಳಲ್ಲಿ ಇವನ್ನು ಮರುಪರೀಕ್ಷೆ ಮಾಡಿದಾಗ ಹೊರನಾಡಿನ ಸಂಕೇತಗಳಲ್ಲಿ ಕೆಲವೇ ಕೆಲವು ಉಳಿದವು. 2013ರಲ್ಲಿ ಅದೇ ತಂಡ ಇಡೀ ಜೀನೋಮನ್ನು ಜಾಲಾಡಿ ಎಆರ್‌ಎಲ್15 ಎಂಬ ಹೊಸ ವಂಶವಾಹಿಯನ್ನು ಹೆಸರಿಸಿತು. ನಮ್ಮ ದೇಶದ ಈ ಕೆಲಸಕ್ಕೆ ದೊಡ್ಡ ಗೌರವ ಸಲ್ಲಬೇಕು. ಅದರ ಮಾದರಿ ಉತ್ತರ ಭಾರತದ್ದು ಎಂಬುದನ್ನು ಅವರೇ ಪ್ರಬಂಧದ ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾರೆ. ಓದುವ ನಾವು ಅದನ್ನು ‘ಭಾರತೀಯರಲ್ಲಿ’ ಎಂದು ಹಿಗ್ಗಿಸಬಾರದು. 2022ರಲ್ಲಿ ಇಶಿಗಾಕಿ ಮತ್ತು ಸಂಗಡಿಗರು ಐದು ಮೂಲಗಳ 2,76,020 ಜನರ ಮಾದರಿಯಿಂದ 124 ಸ್ಥಾನಗಳನ್ನು ಪಟ್ಟಿಮಾಡಿದರು. ಆ ಐದರಲ್ಲಿ ದಕ್ಷಿಣ ಏಷ್ಯಾವೂ ಒಂದು, ಆದರೆ ಅದರ ಪಾಲು ಸಣ್ಣದು. ಹೀಗಿರುವಾಗ, ಬಹುಪಾಲು ಯುರೋಪಿನ ಅಂಕಿಗಳಿಂದ ಕಟ್ಟಿದ ಅಪಾಯದ ಅಂಕವನ್ನು ವೈಟ್‌ಫೀಲ್ಡಿನ ಹಳೆಯ ಆಂಗ್ಲೋ-ಇಂಡಿಯನ್ ಕುಟುಂಬಕ್ಕೂ ಹೂಡಿಯ ಭೋವಿ ಕುಟುಂಬಕ್ಕೂ ಒಂದೇ ರೀತಿ ಕೊಡುವುದು ತಪ್ಪಾಗುತ್ತದೆ. ಮೊದಲನೆಯದರಲ್ಲಿ ಆರ್620ಡಬ್ಲ್ಯೂ ಯುರೋಪಿನ ಪೂರ್ವಜರಿಂದ ಬಂದಿರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎರಡನೆಯದರಲ್ಲಿ ಅದು ಬಹುತೇಕ ಅಪ್ರಸ್ತುತ.

ಪೂರ್ವಜರ ಮೂಲವನ್ನು ಗಮನಿಸದಿದ್ದರೆ ಹುಟ್ಟುವ ಪ್ರಮಾದ ಎಂಥದ್ದೆಂದು ಅಮೆರಿಕದ ಅರಿಜೋನದಲ್ಲಿ ಒಮ್ಮೆ ಸ್ಪಷ್ಟವಾಗಿ ಕಂಡಿತು. ಅಲ್ಲಿನ ಪಿಮಾ ಜನರಲ್ಲಿ ರಕ್ತದ ಒಂದು ಗುರುತು ಇದ್ದವರಿಗೆ ಸಕ್ಕರೆ ಕಾಯಿಲೆ ಕಡಿಮೆ ಎಂದು ತೋರಿತು. ಆ ಗುರುತೇ ರಕ್ಷಣೆ ಕೊಡುತ್ತದೆ ಎನ್ನುವುದು ಸುಲಭವಿತ್ತು. 1988ರಲ್ಲಿ ನೋಲರ್ ಮತ್ತು ಸಂಗಡಿಗರು ಪ್ರತಿಯೊಬ್ಬರ ಪೂರ್ವಜರಲ್ಲಿ ಎಷ್ಟು ಪಾಲು ಮೂಲನಿವಾಸಿಗಳು ಎಂಬುದನ್ನು ಸೇರಿಸಿ ನೋಡಿದಾಗ ನಂಟು ಕರಗಿಹೋಯಿತು. ಆ ಗುರುತು ಯುರೋಪಿನ ಬೆರಕೆಯ ಚಿಹ್ನೆ ಮಾತ್ರವಾಗಿತ್ತು. ಮಹದೇವಪುರದಲ್ಲಿ ಇದು ನಡೆಯುವುದು ಇನ್ನೂ ಸುಲಭ. ರೋಗಿಗಳನ್ನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಿಂದಲೂ, ಹೋಲಿಕೆಗೆ ಬೇಕಾದ ಆರೋಗ್ಯವಂತರನ್ನು ಐಟಿ ಕ್ಯಾಂಪಸ್ಸಿನ ರಕ್ತದಾನ ಶಿಬಿರದಿಂದಲೂ ಆರಿಸಿಕೊಂಡರೆ, ಮೊದಲ ಗುಂಪಿನಲ್ಲಿ ಕೋಲಾರ, ಕೆಜಿಎಫ್, ಯಾದಗಿರಿಯವರು ತುಂಬಿರುತ್ತಾರೆ, ಎರಡನೆಯದರಲ್ಲಿ ದೂರದ ರಾಜ್ಯಗಳವರು. ಈ ಎರಡು ಗುಂಪುಗಳ ನಡುವೆ ಸಹಜವಾಗಿ ಬೇರೆಯಾಗಿರುವ ನೂರಾರು ರೂಪಾಂತರಗಳು ಕೀಲುವಾತದ ವಂಶವಾಹಿಗಳಂತೆ ಕಂಡುಬಿಡುತ್ತವೆ. ಗಣಿತದಿಂದ ಇದನ್ನು ಸರಿಪಡಿಸುವ ವಿಧಾನಗಳಿವೆ ನಿಜ. ಆದರೆ ಪ್ರತಿ ಸಮುದಾಯದಿಂದ ಬೆರಳೆಣಿಕೆಯ ಜನರಷ್ಟೇ ಇದ್ದಾಗ ಆ ತಿದ್ದುಪಡಿಗೆ ಬಲವಿರುವುದಿಲ್ಲ.

ನಮ್ಮ ಸಮಾಜದ ರಚನೆಯೇ ಈ ಎಚ್ಚರವನ್ನು ಬೇಡುತ್ತದೆ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು ತೋರಿಸಿದಂತೆ ಉಪಖಂಡದ ಜನರಲ್ಲಿ ವ್ಯಾಪಕ ಬೆರಕೆ ನಡೆದದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ. ಆಮೇಲೆ ಒಳಜಾತಿಯ ಮದುವೆ ಬಿಗಿಯಾಯಿತು. 2017ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡಗಳು 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿದವು. ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದು ಬಂದವು, ಆ ಇಕ್ಕಟ್ಟು ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ತೀವ್ರವಾದದ್ದು ಎಂದು ಅವರು ಕಂಡರು. ಈ 81ರಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷ ಮೀರಿದ್ದು. ಇದರ ಮೇಲೆ ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಾವಂದಿರ ಮಕ್ಕಳ ಜೊತೆ ಮದುವೆಯ ರೂಢಿ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತಿತರರು ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆಸಿದಾಗ ಸುಮಾರು ಮೂರನೇ ಒಂದು ಪಾಲು ತಂದೆತಾಯಿಯರು ರಕ್ತಸಂಬಂಧಿಗಳಾಗಿದ್ದರು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು.

ರುಮಟಾಯ್ಡ್ ಸಂಧಿವಾತಕ್ಕೆ ರಕ್ತಸಂಬಂಧದ ಮದುವೆ ನೇರ ಕಾರಣವಾಗುವುದಿಲ್ಲ, ಏಕೆಂದರೆ ಅದರಲ್ಲಿ ಅನೇಕ ವಂಶವಾಹಿಗಳು ಚೂರುಚೂರು ಪಾಲು ಹಾಕುತ್ತವೆ. ಆದರೆ ಅದರ ವೇಷದಲ್ಲಿ ಬರುವ ಅಪರೂಪದ ಕಾಯಿಲೆಗಳಿಗೆ ಇದು ನೇರ ದಾರಿ. ಅಂಥದ್ದೊಂದಕ್ಕೆ ವೈದ್ಯರು ಇಟ್ಟ ಹೆಸರೇ ಪ್ರೊಗ್ರೆಸಿವ್ ಸ್ಯೂಡೊರುಮಟಾಯ್ಡ್ ಡಿಸ್ಪ್ಲೇಸಿಯಾ. ಮೂರರಿಂದ ಎಂಟು ವರ್ಷದೊಳಗೆ ಮಗುವಿನ ಬೆರಳ ಗೆಣ್ಣುಗಳು ದಪ್ಪಗಾಗುತ್ತವೆ, ನಡಿಗೆ ಬಿಗಿಯುತ್ತದೆ, ಸೊಂಟದ ಕೀಲು ಸವೆಯುತ್ತದೆ. ಉರಿಯೂತವಿರುವುದಿಲ್ಲ. ಇಎಸ್‌ಆರ್ ಸರಿಯಾಗಿರುತ್ತದೆ, ಆರ್‌ಎ ಫ್ಯಾಕ್ಟರ್ ಸಿಗುವುದಿಲ್ಲ. ಕಾರಣ ವಿಸ್ಪ್3 ಎಂಬ ಒಂದು ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವುದು ಎಂದು 1999ರಲ್ಲಿ ಗೊತ್ತಾಯಿತು. ಭಾರತೀಯ ಕುಟುಂಬಗಳಲ್ಲಿ ಅದೇ ಕೆಲವು ದೋಷಗಳು ಮರುಕಳಿಸುತ್ತವೆ ಎಂಬುದನ್ನು ಹೈದರಾಬಾದಿನ ಸಿಡಿಎಫ್‌ಡಿ ಮತ್ತು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಕೆ. ಎಂ. ಗಿರೀಶ ಮತ್ತಿತರರು 2012ರಲ್ಲಿ ತೋರಿಸಿಕೊಟ್ಟರು. ಇಂಥ ಮಗುವಿಗೆ ಕೀಲುವಾತವೆಂದು ಸ್ಟಿರಾಯ್ಡ್ ಅಥವಾ ಮೆಥೊಟ್ರೆಕ್ಸೇಟ್ ಕೊಟ್ಟರೆ ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ. ಅದೇ ಮಗುವನ್ನು ಕೀಲುವಾತದ ವಂಶವಾಹಿ ಅಧ್ಯಯನಕ್ಕೆ ಸೇರಿಸಿಕೊಂಡರೆ ಅಧ್ಯಯನವೂ ಕೆಡುತ್ತದೆ. ದೊಡ್ಡವರಲ್ಲಿ ಇನ್ನೊಂದು ತೊಡಕು ಚಿಕುನ್‌ಗುನ್ಯಾ. 2006ರ ಹಾವಳಿಯಲ್ಲಿ ಕರ್ನಾಟಕ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದ ಬೆರಳ ಊತ, ಬೆಳಗಿನ ಬಿಗಿತ ರುಮಟಾಯ್ಡ್ ಅನ್ನೇ ಹೋಲುತ್ತಿತ್ತು. ಬರೀ ಊತ ಎಣಿಸಿ ಅಂಕ ಕೊಟ್ಟರೆ ಅವರೂ ರುಮಟಾಯ್ಡ್ ಗುರುತಿಸುವ ಮಾನದಂಡ ದಾಟಿಬಿಡುತ್ತಾರೆ. ರುಮಟಾಯ್ಡ್ ಪತ್ತೆಗೆ ನೆರವಾಗುವ ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಅವರಲ್ಲಿ ಸಾಮಾನ್ಯವಾಗಿ ಇಲ್ಲವೆನ್ನುತ್ತದೆ.

ಈಗ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಈ ಹಳ್ಳಿಯ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೂಲಿಕಾರ ಮನೆಗಳಲ್ಲಿ ಎಳೆಯರೂ ನಡುಪ್ರಾಯದವರೂ ಸೊಂಟ, ಮಂಡಿ ಹಿಡಿದು ನೆಟ್ಟಗೆ ನಿಲ್ಲಲಾರದೆ ತೆವಳುವ ಸ್ಥಿತಿಗೆ ಬಂದದ್ದು ಹೊರಜಗತ್ತಿನ ಗಮನಕ್ಕೆ ಬಂತು. ಮೊದಲು ಬಲವಾಗಿ ಕೇಳಿಬಂದ ಊಹೆ ಗದ್ದೆಯ ಏಡಿಯದ್ದು. ಹಸಿರು ಕ್ರಾಂತಿಯ ಆ ದಿನಗಳಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ ಎಂಡ್ರಿನ್, ಪ್ಯಾರಾಥಿಯಾನ್ ವಿಷ ಏಡಿ ಮೀನುಗಳಲ್ಲಿ ಸೇರಿ, ಅವನ್ನು ತಿನ್ನುವ ಬಡವರ ಮೂಳೆಗೆ ಇಳಿದಿದೆ ಎಂಬುದು ಅದರ ತಿರುಳು. ಊಹೆ ಅಸಂಗತವಾಗಿರಲಿಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977-78ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಈ ಕಾಯಿಲೆಗೆ ಕೊಟ್ಟ ಹೆಸರಿನಲ್ಲೇ ‘ಕೌಟುಂಬಿಕ’ ಎಂಬ ವಿಶೇಷಣವಿತ್ತು. ವಿಷವೊಂದೇ ಕಾರಣವಾಗಿದ್ದರೆ ರೋಗ ಗದ್ದೆಗಳ ಎಲ್ಲೆಯನ್ನು ಹಿಡಿದು ಹರಡಬೇಕಿತ್ತು. ಅದು ಹಿಡಿದದ್ದು ವಂಶದ ಎಳೆಯನ್ನು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಲಖನೌದ ಎಸ್. ಎಸ್. ಅಗರ್ವಾಲ್, ಶುಭಾ ಫಡ್ಕೆ ಮತ್ತು ಸಂಗಡಿಗರು ಮನೆಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿ 1994ರಲ್ಲಿ ತೀರ್ಮಾನ ಪ್ರಕಟಿಸಿದರು. ಇದು ಉರಿಯೂತದ ಸಂಧಿವಾತವಲ್ಲ, ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆ ಕೆಡುವ ಕಾಯಿಲೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಬರುವ ಪ್ರಬಲ ಆನುವಂಶಿಕತೆಯದ್ದು. ಹಾಗೆಂದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅವರು ಮೂರು ಬಗೆಗಳನ್ನು ಗುರುತಿಸಿದರು: ಎತ್ತರ ಸರಿಯಿದ್ದು ಸೊಂಟದ ಕೀಲು ಮಾತ್ರ ಕೆಡುವವರು, ಮೈಕಟ್ಟು ಗಿಡ್ಡವಾಗುವವರು, ತೀರ ಕುಬ್ಜರಾಗುವವರು. ಈ ಮೊದಲ ಬಗೆಯವರೇ ನನ್ನ ವಾದಕ್ಕೆ ಮುಖ್ಯ. ಅವರನ್ನು ಒಬ್ಬೊಬ್ಬರಾಗಿ ಪೇಟೆಯ ಆಸ್ಪತ್ರೆಯಲ್ಲಿ ನೋಡಿದವರಿಗೆ ಅದು ಬರೀ ಕೀಲುನೋವು. ಮನೆಯವರೆಲ್ಲರನ್ನೂ ಒಟ್ಟಿಗೆ ನೋಡಿದಾಗಲೇ ಗಿಡ್ಡ ತಂಗಿ, ತೆವಳುವ ಅಪ್ಪ, ಕುಂಟುವ ಚಿಕ್ಕಪ್ಪ ಒಂದೇ ಕಾಯಿಲೆಯ ಮೂರು ಮುಖಗಳಾಗಿ ಕಾಣುವುದು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಸ್ಥಳದ ಸುತ್ತ ಇಂಥದೇ ಕಾಯಿಲೆ 1970ರಲ್ಲಿ ದಾಖಲಾಗಿತ್ತು. ಎರಡೂ ಒಂದೇ ಇರಬಹುದೇ ಎಂಬ ಪ್ರಶ್ನೆಯನ್ನು ಅಗರ್ವಾಲ್ ತಂಡ ಅಲ್ಲಿನ ವೈದ್ಯರ ಜೊತೆ ಸೇರಿ 1997ರಲ್ಲಿ ಎತ್ತಿತು. ಸಾಗರದ ಕೂಲಿಕಾರರೊಬ್ಬರ ಸೊಂಟದ ಎಕ್ಸ್‌ರೇ ಸಾವಿರಾರು ಮೈಲಿ ದೂರದ ರೋಗಿಗೂ ಬೆಳಕಾಗಬಲ್ಲದು. ಕಾಯಿಲೆಗೆ ಊರಿನ ಹೆಸರಿಟ್ಟದ್ದು ಮಾತ್ರ ನನಗೆ ಇಂದಿಗೂ ನೋವಿನ ವಿಷಯ. ರೋಗವಿಲ್ಲದ ಮನೆಯ ಹೆಣ್ಣುಮಗಳೂ ಆ ಹೆಸರನ್ನು ಹೊತ್ತೇ ಮದುವೆಯ ಮಾತಿಗೆ ಕೂರಬೇಕು.

ಬೆಂಗಳೂರಿನ ಹೊರರೋಗಿ ಕೋಣೆಯಲ್ಲಿ ವಂಶವೃಕ್ಷಕ್ಕೆ ಸಮಯವಿಲ್ಲ ಎನ್ನುತ್ತಾರೆ. ಸರಿಯಾದ ಪ್ರಶ್ನೆ ಕೇಳಿದರೆ ಹೆಚ್ಚು ಸಮಯವೇನೂ ಬೇಕಿಲ್ಲ. “ನಿಮ್ಮ ಮನೇಲಿ ಯಾರಿಗಾದ್ರೂ ಕೀಲುವಾತ ಇತ್ತಾ?” ಎಂದರೆ ಬರುವ “ಹೂಂ, ಅಜ್ಜಿಗಿತ್ತು” ಎಂಬ ಉತ್ತರದಲ್ಲಿ ಮಂಡಿಸವೆತ, ಗೌಟ್, ಚಿಕುನ್‌ಗುನ್ಯಾ ಎಲ್ಲವೂ ಸೇರಿಕೊಂಡಿರುತ್ತವೆ. “ಅಜ್ಜಿಯ ಕೈಬೆರಳು ಸೊಟ್ಟಗಾಗಿದ್ವಾ? ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗ್ತಿರ್ಲಿಲ್ವಾ? ಮನೇಲಿ ಯಾರಾದ್ರೂ ತೀರ ಗಿಡ್ಡ ಇದ್ದಾರಾ? ಅಪ್ಪ ಅಮ್ಮ ಮೊದಲೇ ನೆಂಟರಾ?” ಎಂದು ಕೇಳಿದರೆ ತಿಳಿಯುವುದೇ ಬೇರೆ. ತಾಯಿಯ ಕಡೆಯ ತಾಲ್ಲೂಕು, ತಂದೆಯ ಕಡೆಯ ತಾಲ್ಲೂಕು, ಇಬ್ಬರ ಸಮುದಾಯ, ಮನೆಮಾತು, 2006ರಲ್ಲಿ ಅಥವಾ ಆಮೇಲೆ ಚಿಕುನ್‌ಗುನ್ಯಾ ಬಂದಿತ್ತೇ ಎಂಬುದು, ಆಂಟಿ-ಸಿಸಿಪಿ ಫಲಿತಾಂಶ: ಇಷ್ಟು ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಸಮುದಾಯದ ಹೆಸರು ಕೇಳುವುದು ಸೂಕ್ಷ್ಮ ಸಂಗತಿ. ಯಾಕೆ ಕೇಳುತ್ತಿದ್ದೇವೆ ಎಂದು ರೋಗಿಯ ಮಾತಿನಲ್ಲೇ ಹೇಳಬೇಕು, ಬೇಡವೆನ್ನುವ ಹಕ್ಕನ್ನು ಮನಃಪೂರ್ವಕ ಕೊಡಬೇಕು, ಪ್ರಕಟಿಸುವಾಗ ಸಮುದಾಯದ ಹೆಸರಿಗೆ ಕಳಂಕ ಅಂಟದಂತೆ ನೋಡಿಕೊಳ್ಳಬೇಕು.

ಹೋಲಿಕೆಗೆ ಬೇಕಾದ ಆರೋಗ್ಯವಂತರ ಎಚ್‌ಎಲ್‌ಎ ಮಾಹಿತಿಗೆ ಶೂನ್ಯದಿಂದ ಹೊರಡಬೇಕಾಗಿಲ್ಲ. ಮಹದೇವಪುರದಿಂದ ಹೆಚ್ಚು ದೂರವಿಲ್ಲದ ಹೊಸ ತಿಪ್ಪಸಂದ್ರದಲ್ಲಿ 1984ರಿಂದ ಕೆಲಸ ಮಾಡುತ್ತಿರುವ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಮತ್ತು ಜರ್ಮನಿಯ ಡಿಕೆಎಂಎಸ್ ಸೇರಿ ರಕ್ತದ ಕಾಂಡಕೋಶ ದಾನಿಗಳ ನೋಂದಣಿ ಆರಂಭಿಸಿದವು. ಅಂಥ ನೋಂದಣಿಯಲ್ಲಿ ಪ್ರತಿ ದಾನಿಯ ಡಿಆರ್‌ಬಿ1 ರೂಪ ಪರೀಕ್ಷೆಯಾಗುತ್ತದೆ. ಹೆಸರುಗಳನ್ನು ಕಳಚಿ, ದಾನಿಗಳ ಒಪ್ಪಿಗೆ ಪಡೆದು, ಜಿಲ್ಲಾವಾರು *10:01 ಎಷ್ಟಿದೆ ಎಂಬ ಪಟ್ಟಿ ತಯಾರಾದರೆ ಅದೊಂದೇ ನಮ್ಮ ರೋಗಿಗಳಿಗೆ ಹೊರನಾಡಿನ ಅಂಕಗಳಿಗಿಂತ ಹೆಚ್ಚು ಉಪಯೋಗ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಹತ್ತು ಸಾವಿರ ಜೀನೋಮುಗಳ ದತ್ತಾಂಶ 2025ರ ಜನವರಿಯಿಂದ ಫರೀದಾಬಾದಿನ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿರುವುದು ಇದಕ್ಕೆ ಒದಗುವ ಎರಡನೆಯ ಆಧಾರ.

ಇಲ್ಲಿನ ಅಧ್ಯಯನ ವಂಶವಾಹಿಯಲ್ಲೇ ನಿಂತುಬಿಡಬಾರದು. ಸ್ವೀಡನ್ನಿನ ರೋಗಿಗಳಲ್ಲಿ ಸಾಮಾನ್ಯ ಎಪಿಟೋಪಿನ ಎರಡು ಪ್ರತಿ ಇದ್ದು ಸಿಗರೇಟನ್ನೂ ಸೇದುವವರಿಗೆ, ಎರಡೂ ಇಲ್ಲದವರಿಗಿಂತ ಆಂಟಿ-ಸಿಸಿಪಿ ಇರುವ ಕೀಲುವಾತದ ಅಪಾಯ 21 ಪಟ್ಟು ಎಂದು 2006ರಲ್ಲಿ ಕ್ಲಾರೆಸ್ಕೋಗ್ ತಂಡ ಲೆಕ್ಕ ಹಾಕಿತು. ನಮ್ಮ ಹೆಂಗಸರಲ್ಲಿ ಸಿಗರೇಟು ಅಪರೂಪ, ಆದ್ದರಿಂದ ಆ ಅಂಕಿ ನಮಗೆ ಹೆಚ್ಚೇನೂ ಹೇಳುವುದಿಲ್ಲ. ನಮಗೆ ಹತ್ತಿರದ್ದು ಮಲೇಷ್ಯಾದ ಅಧ್ಯಯನ. ಮಲಯ, ಚೀನೀ, ಭಾರತೀಯ ಮೂಲದ ಮೂರೂ ಗುಂಪುಗಳನ್ನು ಒಳಗೊಂಡ ಅದು ಬಟ್ಟೆ ಕಾರ್ಖಾನೆಯ ದೂಳಿನಲ್ಲಿ ಕೆಲಸ ಮಾಡಿದ ಹೆಂಗಸರಿಗೆ ಕೀಲುವಾತದ ಅಪಾಯ ಸುಮಾರು ಮೂರು ಪಟ್ಟು ಎಂದಿತು. ದೂಳಿನ ಜೊತೆ ಸಾಮಾನ್ಯ ಎಪಿಟೋಪೂ ಇದ್ದವರಲ್ಲಿ, ಆಂಟಿ-ಸಿಸಿಪಿ ಇರುವ ಬಗೆಯ ಅಪಾಯ ನಲವತ್ತು ಪಟ್ಟಿನ ಹತ್ತಿರ ಹೋಯಿತು. ಕಲ್ಲುಪುಡಿಯ ಸಿಲಿಕಾ ದೂಳಿಗೂ ಗಂಡಸರ ಕೀಲುವಾತಕ್ಕೂ ನಂಟಿದೆ ಎಂಬುದು ಸ್ವೀಡನ್ನಿನಿಂದ 2005ರಲ್ಲೇ ಬಂದ ಮಾಹಿತಿ. ಮಹದೇವಪುರ, ಹೂಡಿಯ ಸುತ್ತ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ಕಟಿಂಗ್ ಮಾಡುವ ಹೆಂಗಸರೂ, ಗ್ರಾನೈಟ್ ಕೊಯ್ಯುವ, ಗೋಡೆ ಕೊರೆಯುವ ಗಂಡಸರೂ ಇದ್ದಾರೆ. ಆದ್ದರಿಂದ ಆ ಒಂದು ಹಾಳೆಯಲ್ಲಿ ಊರು ಮತ್ತು ಸಮುದಾಯದ ಕೆಳಗೆ ಇನ್ನೆರಡು ಸಾಲು ಬೇಕು: ಎಷ್ಟು ವರ್ಷದಿಂದ ಯಾವ ಕೆಲಸ, ಆ ಕೆಲಸದಲ್ಲಿ ಯಾವ ದೂಳು.